ಬೇಲಿಯಾಚೆಯ ಲವಂಗ

ಮೊನ್ನೆ ಮಸಾಲೆ ಪುಡಿಗೆಂದು ಲವಂಗದ ಡಬ್ಬಿ ತೆರೆದೆ. ಘಮ ಮೂಗಿಗೆ ಹೊಡೆಯಿತು. ಎಲ್ಲರಿಗೂ ಲವಂಗವೆಂದರೆ ಪಲಾವ್ ನೆನಪಾಗಬಹುದು. ನನಗೆ ನೆದರ್ಲೆಂಡ್ಸಿನ ಈ ಹೂಫ್‌ಡಾರ್ಪ್‌ನಲ್ಲಿ, ಮಗಳ ಮನೆಯಲ್ಲಿ ಕಳೆದ ಆ ಲಾಕ್‌ಡೌನ್, ಪಕ್ಕದ ಮನೆಯ ಪ್ರೊಫೆಸರ್...

ಡಚ್ಚರು, ಲಿಂಗ್ವಿಸ್ಟ್. ಜೀವಮಾನವಿಡೀ ಇಂಡೋನೇಷಿಯನ್ ಭಾಷೆ ಕಲಿಸಿ ರಿಟೈರ್ ಆಗಿದ್ದರೂ ಡಿಕ್ಷನರಿಯ ಕೆಲಸ ಬಿಟ್ಟಿರಲಿಲ್ಲ. ಆಡುವವರ ಬಾಯಿಂದ ಕಿವಿಯಾರೆ ಕೇಳದ ಮಾತನ್ನು ಅದಕ್ಕೆ ಸೇರಿಸುತ್ತಿರಲಿಲ್ಲ. ಹಾಗಾಗಿ ಜಾವಾದ ಹಳೆಯ ಸ್ನೇಹಿತರಿಗೆ ದಿನವೂ ಫೋನ್. ಅಂಟಿಕೊಂಡ ಮನೆಗಳು, ನಡುವಿನ ಗೋಡೆ ತೆಳು. ಅವರ ನಗು ಮಗಳ ಅಡುಗೆಮನೆಯವರೆಗೂ ಬರುತ್ತಿತ್ತು. ಆ ವರ್ಷ ಅದು ಕಡಿಮೆಯಾಗುತ್ತ ಬಂತು. ಅತ್ತ ಫೋನ್ ಎತ್ತುವವರೇ ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದರು.

ವಾಸನೆ ಹೋದರೆ ಕೊರೋನಾ ಎಂದು ನಡುಗುತ್ತಿದ್ದ ಕಾಲ. ಅವರು ಬೇಲಿಯ ಮೇಲಿಂದ ನನಗೊಂದು ಲವಂಗದ ಪೊಟ್ಟಣ ಎಸೆದರು. ಅಂದಿನಿಂದ ಬೆಳಿಗ್ಗೆ ಆಚೀಚೆ ನಿಂತು ಮೂಸುವುದು.

"ಕ್ಯಾನ್ ಯು ಸ್ಮೆಲ್ ಇಟ್, ಮ್ಯಾಡಮ್?"

"ಯೆಸ್, ಪ್ರೊಫೆಸರ್. ಯು?"

"ಲೈಕ್ ಎ ಡಾಗ್!"

"ಅವ್ವಾ, ಮುದುಕ-ಮುದುಕಿ ಲವಂಗ ಮೂಸ್ಕೋತ ನಿಂತೀರಲ್ಲ, ಮಂದಿ ಏನಂದಾರು!" ಎಂದು ಮಗಳು ಕಾಡಿಸುತ್ತಿದ್ದಳು.

ಒಳಗೆ ಹೋಗುವಾಗ ಅವರು "ಸೆಲಾಮತ್ ತಿಂಗ್ಗಾಲ್" ಎನ್ನುವರು. ಹೊರಡುವವರು ಉಳಿಯುವವರಿಗೆ ಹೇಳುವ ಮಾತದು, ಸುಖವಾಗಿರಿ ಎಂದು. ಉಳಿದವಳು ನಾನು "ಸೆಲಾಮತ್ ಜಾಲನ್" ಎನ್ನಬೇಕು, ಸುಖವಾಗಿ ಹೋಗಿ ಎಂದು. ಅವರೇ ಕಲಿಸಿದ್ದು.

ಒಂದು ಬೆಳಿಗ್ಗೆ ಮೂಸಿದರು. ಮತ್ತೆ ಮೂಸಿದರು. ಲವಂಗವನ್ನು ಉಗುರಿನಿಂದ ಮುರಿದು ಮೂಗಿಗೆ ಒತ್ತಿಕೊಂಡರು.

"ಯು?" ಎಂದೆ.

ಅವರು ಬೇಲಿಯಿಂದ ಹಿಂದೆ ಸರಿದು, ಮಾಸ್ಕ್ ಏರಿಸಿಕೊಂಡು ಒಳಗೆ ಹೋದರು. ನಾನೂ ಒಳಗೆ ಬಂದು ರೊಟ್ಟಿಗೆ ಹಂಚಿಟ್ಟೆ. ಗೋಡೆಯಾಚೆ ಒಂದರ ಹಿಂದೊಂದು ಫೋನ್ ಶುರುವಾಯಿತು. ಪ್ರತಿಯೊಂದರ ಕೊನೆಗೂ "ಸೆಲಾಮತ್ ತಿಂಗ್ಗಾಲ್." ಫೋನಿನಲ್ಲಿ ಅವರು ಆ ಮಾತು ಹೇಳಿದ್ದನ್ನು ನಾನೆಂದೂ ಕೇಳಿರಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆಯೆದ್ದಿತು, ನಾನು ಕದಲಲಿಲ್ಲ. ಅಪ್ಪಟ ಕಾನ್ವೆಂಟ್ ಹುಡುಗಿಯಂತೆ ಹೇಲ್ ಮೇರಿ ಪ್ರಾರ್ಥನೆ ಪಿಸುಗುಟ್ಟುತ್ತಿದ್ದೆ...

ಆ ವಾರವೇ ಆಂಬುಲೆನ್ಸ್ ಬಂತು. ಮೈತುಂಬ ಪ್ಲಾಸ್ಟಿಕ್ ತೊಟ್ಟವರು ಅವರನ್ನು ಹೊರಗೆ ತಂದರು.

"ಬಾಗಿಲಾ ತಗೀಬ್ಯಾಡವ್ವಾ," ಮಗಳು ನನ್ನ ರಟ್ಟೆ ಹಿಡಿದಳು.

ಕಿಟಕಿಗೆ ಬಾಯಿಟ್ಟು "ಸೆಲಾಮತ್ ಜಾಲನ್" ಎಂದೆ. ಗಾಜು ಮಬ್ಬಾಯಿತು. ಒರೆಸಿ ನೋಡುವಷ್ಟರಲ್ಲಿ ರಸ್ತೆ ಖಾಲಿ. ಅವರು ಮರಳಿ ಬರಲಿಲ್ಲ.

ಈಗ ಆ ಮನೆಗೆ ಬೇರೆಯವರು ಬಂದಿದ್ದಾರೆ. ಡಿಕ್ಷನರಿ ಏನಾಯಿತೋ, ಯಾರನ್ನು ಕೇಳಲಿ? ಮೊನ್ನೆ ಡಬ್ಬಿ ಮುಚ್ಚದೆಯೇ ಒಂದು ಲವಂಗ ಹಿಡಿದು ಹಿತ್ತಲಿಗೆ ಹೋದೆ. ಮೂಸಿದೆ. ವಾಸನೆ ಬಂತು.

"ಯೆಸ್, ಪ್ರೊಫೆಸರ್," ಎಂದೆ ಮೆಲ್ಲಗೆ.

ಬೇಲಿಯಾಚೆ ಯಾರದೋ ಮಕ್ಕಳ ಸೈಕಲ್ಲುಗಳು ಒರಗಿ ನಿಂತಿದ್ದವು.