ನನ್ನ ಹೆಸರಿನ ತಗಡು

ನನಗೊಂದು ಚಟವಿದೆ. ಸ್ವಂತದ್ದು ಅಂತ ಏನೇ ಇರಲಿ, ಅದರ ಮೇಲೆ ಹೆಸರು ಬರೆಯದಿದ್ದರೆ ಸಮಾಧಾನವಿಲ್ಲ. ಕೊಡೆ, ತಂಬಿಗೆ, ಚಾಪೆ, ಎಲ್ಲದರ ಮೇಲೂ 'ಶಿವಪ್ಪ'. ದೇಗಾಂವದ ಗುಡಿಗೆ ಹೋದಾಗ ಉಳಿದವರೆಲ್ಲ ಕೆತ್ತನೆ ನೋಡುತ್ತಿದ್ದರೆ, ಕೆತ್ತಿದವನು ಎಲ್ಲಾದರೂ ಹೆಸರು ಹಾಕಿದ್ದಾನೋ ಎಂದು ಹುಡುಕುತ್ತಿದ್ದವನು ನಾನೊಬ್ಬನೇ. ಇದು ಸಾಲಿ ಮಾಸ್ತರರ ರೋಗವೆಂದು ಹೆಂಡತಿ ಹೇಳುತ್ತಾಳೆ. ಇರಬಹುದು.

ತೊಂಬತ್ತರ ದಶಕದಲ್ಲಿ, ಮುನವಳ್ಳಿ ಹತ್ತಿರದ ಊರಲ್ಲಿ ಮನೆಗೆ ಹೊಸ ತಗಡು ಹಾಕಿಸಿದಾಗಲೂ ಪ್ರತಿಯೊಂದರ ಒಳಮೈಗೆ ಕೆಂಪು ಬಣ್ಣದಲ್ಲಿ ಹೆಸರು ಬರೆದೆ. ಹೊರಗೆ ಬರೆದರೆ ಮಳೆಗೆ ಅಳಿಸುತ್ತದಲ್ಲ!

"ತಗಡು ಏನ್ ನಡಕೋತ ಹೋಗ್ತಾವೇನ್ರಿ?" ಎಂದಳು ಹೆಂಡತಿ.

ನಡೆದು ಹೋಗಲಿಲ್ಲ, ಹಾರಿ ಹೋದವು. ಮೇ ತಿಂಗಳ ಒಂದು ಸಂಜೆ ಎದ್ದ ಬಿರುಗಾಳಿ ನಮ್ಮ ಓಣಿಯ ತಗಡನ್ನೆಲ್ಲ ಕಿತ್ತು ಹೊಲಗಳಿಗೆ ಚೆಲ್ಲಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಬೆಳಗಾಗುತ್ತಲೇ ಊರಿಗೆ ಊರೇ ಹೊಲಕ್ಕಿಳಿಯಿತು. ನನ್ನವು ಒಂದೂ ತಪ್ಪದೆ ಬಂದವು. ಸಿಕ್ಕವರೆಲ್ಲ ಹೆಸರು ಓದಿ ತಲೆ ಮೇಲೆ ಹೊತ್ತು ತಂದರು. ಮಗ್ಗುಲ ಮನೆಯ ಟೆಂಪೋ ಡ್ರೈವರ್ ಹುಸೇನಸಾಬರು ತಾವೇ ನಮ್ಮ ಮನೆ ಮೇಲೆ ಹತ್ತಿ ಮಧ್ಯಾಹ್ನದವರೆಗೆ ಬಡಿದು ಕೂಡಿಸಿದರು. ನಾನು ಕೆಳಗೆ ಚಹಾ ಕುಡಿಯುತ್ತ ನನ್ನ ಜಾಣತನವನ್ನು ನಾನೇ ಹೊಗಳಿಕೊಂಡೆ. ಆಮೇಲೆ ನೆನಪಾಗಿ ಕೇಳಿದೆ:

"ನಿಮ್ಮ ಮನಿದು ಆತೇನ್ರಿ?"

"ಎರಡು ಸಿಗವಲ್ವುರಿ ಮಾಸ್ತರ. ಹುಡುಕಾಕ ಹತ್ತೇವಿ."

ಮತ್ತೆ ಮೋಡ ಕಟ್ಟುತ್ತಿತ್ತು. ಅವರ ಮನೆಯಲ್ಲಿ ಮೂರು ತಿಂಗಳ ಮೊಮ್ಮಗಳು ತೊಟ್ಟಿಲಲ್ಲಿದ್ದಳು. ತೊಟ್ಟಿಲ ಮೇಲೆ ಬರೀ ಆಕಾಶ. ನಾನು 'ಅಯ್ಯೋ ಪಾಪ' ಎಂದು ಲೊಚಗುಟ್ಟಿದೆ. ಹೆಂಡತಿ ಲೊಚಗುಟ್ಟಲಿಲ್ಲ.

"ನಮ್ಮ ಪಡಸಾಲಿ ಮ್ಯಾಲಿನವು ಎರಡು ಬಿಚ್ಚಿ ಅಲ್ಲಿ ಹಾಕ್ರಿ. ನಾವು ಅಡಗಿಮನ್ಯಾಗ ಮಲಗತೇವಿ," ಎಂದಳು.

ಹುಸೇನಸಾಬರು ಹಿಂಜರಿದರು. "ಬ್ಯಾಡ್ರಿ ಅಕ್ಕಾರ. ಅದರ ಮ್ಯಾಲ ಮಾಸ್ತರ ಹೆಸರು ಐತಿ."

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಸೀಮೆಎಣ್ಣೆ ಹಚ್ಚಿ ಒರೆಸಿ ಕೊಡುತ್ತೇನೆಂದೆ. ಅಷ್ಟರಲ್ಲಿ ಹನಿ ಬಿತ್ತು, ಒರೆಸಲು ಪುರಸೊತ್ತೆಲ್ಲಿ? ಈ ಸಲ ನಿಚ್ಚಣಿಕೆ ಹಿಡಿದವನು ನಾನು. ಹೆಸರಿನ ಸಮೇತ ಎರಡೂ ತಗಡು ಅವರ ಮನೆ ಏರಿದವು. ಆ ಮಳೆಗೆ ನಮ್ಮ ಪಡಸಾಲೆ ಕೆರೆಯಾಯಿತು, ಕೂಸು ಬೆಚ್ಚಗಿತ್ತು. ನಮ್ಮ ಕಡೆ ಇಂಥದ್ದಕ್ಕೆಲ್ಲ ಉಪಕಾರವಾಯಿತೆಂದು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ, ಹೇಳಿದರೆ ಸಿಟ್ಟಾಗುತ್ತಾರೆ. ಹೀಗಾಗಿ, ತಮ್ಮ ಮನೆ ಬಿಟ್ಟು ಮೊದಲು ನಮ್ಮದನ್ನು ಕೂಡಿಸಿಕೊಟ್ಟ ಅವರಿಗೆ ಹೇಳಬೇಕಾದ್ದು ನನ್ನ ಬಾಯಲ್ಲೇ ಉಳಿಯಿತು.

ಆ ಎರಡು ತಗಡು ತೊಟ್ಟಿಲ ಮೇಲೆ ಅಲ್ಲೇ ಉಳಿದವು. ಐದಾರು ವರ್ಷದ ಮೇಲೆ ಆ ಕೂಸು, ಮುಮ್ತಾಜ, ನನ್ನ ಒಂದನೇ ಇಯತ್ತೆಗೆ ಬಂದಳು. ನಾನಿನ್ನೂ 'ಅ' ಕಲಿಸಿರಲಿಲ್ಲ. ಅಷ್ಟರಲ್ಲೇ ಪಾಟಿಯ ಮೇಲೆ ಮೂರಕ್ಷರ ಬರೆದು ತಂದು ತೋರಿಸಿದಳು. ಶಿವಪ್ಪ. ಒತ್ತಕ್ಷರ ಕೂಡ ಸರಿಯಾಗಿತ್ತು.

"ಏನಂತ ಬರದೀ ಯವ್ವಾ?"

"'ನಮ್ಮ ಮನಿ' ಅಂತ ಬರದೇನ್ರಿ."

ಇಷ್ಟು ವರ್ಷದ ಮಾಸ್ತರಿಕೆಯಲ್ಲಿ ತಪ್ಪೊಂದನ್ನು ನಾನು ತಿದ್ದದೆ ಬಿಟ್ಟದ್ದು ಅದೊಂದೇ ಸಲ. ದೊಡ್ಡದಾಗಿ ಸರಿ ಗುರುತು ಹಾಕಿ ಕಳಿಸಿದೆ.