ಆಯಿ ಆರಿಸಿದ ಇತಿಹಾಸ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಪುಸ್ತಕಕ್ಕಾಗಿ ತಾಯಿ ಮಗ ಹಾವು ಮುಂಗುಸಿಯ ಹಾಗೆ ಕಾದಾಡಿದ್ದರು. ನಿನ್ನೆ ನಿಮ್ಮ ಅಮ್ಮ ನನ್ನ ಮುಂದೆ ಬಣ್ಣಬಣ್ಣದ ಪುಸ್ತಕಗಳ ರಾಶಿ ಹಾಕಿ, "ಮಾವಾರ, ನೂರು ವರ್ಷದ ಹಿಂದಿನ ಇತಿಹಾಸ ಹುಡುಗೂರಿಗೆ ಮನ್ಯಾಗ ಕಲಿಸಬೇಕಂತ ಮಾಡೇನಿ. ಯಾವ ಪುಸ್ತಕ ಛಲೋ ಐತಿ, ನೋಡಿ ಹೇಳ್ರಿ" ಎಂದಳಲ್ಲ, ಆಗ ನಾನು ಮುಖ ಗಂಟು ಹಾಕಿಕೊಂಡೆ. ಯಾಕೆ ಎಂದು ಮೊಮ್ಮಕ್ಕಳು ನೀವು ಕೇಳಿದಿರಿ. ಹೇಳುತ್ತೇನೆ, ಸುಮ್ಮನೆ ಕೇಳಿ.

ಆಗ ನಾವು ಧಾರವಾಡದ ಮಾಳಮಡ್ಡಿಯಲ್ಲಿದ್ದೆವು. ನಾನು ಪೇರಲ ಗಿಡದಿಂದ ಬಿದ್ದು ಕಾಲು ಮುರಿದುಕೊಂಡಿದ್ದೆ. ಸಾಲೆ ತಪ್ಪಿತ್ತು. ಪ್ಲಾಸ್ಟರಿನ ಒಳಗೆ ತುರಿಕೆ, ಹೊರಗೆ ಅಕ್ಕನ ಪಾಠ, ಎರಡರಿಂದಲೂ ಬಿಡುಗಡೆ ಇರಲಿಲ್ಲ. ಇತಿಹಾಸ ಕಲಿಸಲು ಮಕ್ಕಳು ಓದುವಂಥ ಪುಸ್ತಕ ಬೇಕೆಂದು ಅಕ್ಕ ಹಟ ಹಿಡಿದಳು. ಹುಬ್ಬಳ್ಳಿಯ ಅರಳೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಪ್ಪ ಒಂದು ಸಂಜೆ ಎರಡು ಪುಸ್ತಕ ತಂದರು. ಒಂದು ದಪ್ಪ, ಇನ್ನೊಂದು ತೆಳ್ಳಗೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮರುದಿನ ಪುಸ್ತಕದ ಅಂಗಡಿಗೆ ಮರಳಿಸಬೇಕಿತ್ತು.

ಅಪ್ಪನ ಅಂಗಿಯ ತುಂಬ ಅರಳೆಯ ಎಳೆಗಳು, ಮೂಗಿನ ತುದಿಯಲ್ಲಿ ಸಿಟ್ಟು. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆಯಿಗೆ ಓದು ಬರುತ್ತಿರಲಿಲ್ಲ, ಆದರೆ ಅವಳ ನಾಲಗೆಗೆ ಓಣಿಗೆ ಓಣಿಯೇ ಹೆದರುತ್ತಿತ್ತು. ಅಕ್ಕ ದಪ್ಪ ಪುಸ್ತಕ ತೆರೆದು ನಡುವಿನಿಂದ ಗಟ್ಟಿಯಾಗಿ ಓದಿದಳು. ಪ್ಲೇಗು ಬಂದಾಗ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು, ಆದರೆ ಅಜ್ಞಾನಿ ಹೆಂಗಸರು ಕದ್ದು ಊರೊಳಗೆ ಹೋಗಿ ಬಂದು ರೋಗ ಹರಡಿದರು ಎಂದು ಅದರಲ್ಲಿತ್ತು.

ಮೊರದ ಸದ್ದು ನಿಂತಿತು.

"ಯಾರು ಅಜ್ಞಾನಿ? ಇನ್ನೊಮ್ಮೆ ಓದು" ಎಂದಳು ಆಯಿ. ಅಕ್ಕ ಸಣ್ಣ ದನಿಯಲ್ಲಿ ಇನ್ನೊಮ್ಮೆ ಓದಿದಳು.

ಆಯಿ ನಿಮ್ಮಷ್ಟೇ ಇದ್ದಾಗ ನಡೆದದ್ದು ಅದು. ಮನೆಯಲ್ಲಿ ಇಲಿ ಸತ್ತು ಬಿದ್ದವೆಂದರೆ ಪ್ಲೇಗು ಬಂತೆಂದೇ ಲೆಕ್ಕ. ಊರಿಗೆ ಊರೇ ಪಾತ್ರೆ ಪಡಗ ಹೊತ್ತು ಹೊಲಕ್ಕೆ ಹೋಗಿ, ಜೋಳದ ಕಣಿಕೆಯ, ಅಂದರೆ ಒಣ ದಂಟಿನ, ಗುಡಿಸಲಲ್ಲಿ ಇರುತ್ತಿತ್ತು. ಆದರೆ ನಮ್ಮವರಲ್ಲಿ ಬೀಗ ಹಾಕಿದ ಮನೆಯೂ ಸಂಜೆ ಕತ್ತಲಲ್ಲಿ ಇರಬಾರದು. ಹೊಸ್ತಿಲಿಗೆ ದೀಪ ಬೇಕೇ ಬೇಕು. ಆಯಿಯ ತಾಯಿ ದಿನಾ ಹೊತ್ತು ಮುಳುಗುವಾಗ ಊರೊಳಗೆ ಹೋಗಿ, ದೀಪ ಹಚ್ಚಿ ಬರುತ್ತಿದ್ದಳು. ಮೊದಲು ಅವಳಿಗೆ ಜ್ವರ ಬಂತು. ಆಮೇಲೆ ಆಯಿಯ ತಮ್ಮನಿಗೆ. ಇಬ್ಬರೂ ಆ ಗುಡಿಸಲಿನಲ್ಲೇ ಹೋದರು.

"ಬರದದ್ದು ಸುಳ್ಳೇನು ಯವ್ವಾ?" ಅಪ್ಪ ರೇಗಿದರು. "ನಿಮ್ಮವ್ವ ಹೋಗದಿದ್ರ ನಿನ್ನ ತಮ್ಮ ಬದುಕ್ತಿದ್ದ. ಒಂದು ದೀಪಕ್ಕ ಎರಡು ಜೀವ ಹೋದ್ವು."

ಆಯಿ ಮೊರವನ್ನು ಎತ್ತಿ ಒಗೆದಳು. ಜೋಳ ಪಡಸಾಲೆಯ ತುಂಬ ಹರಡಿತು. "ಮನಿ ಕತ್ತಲಾಗ ಬಿಟ್ಟು ಹೊಲದಾಗ ಕುಂತಾಕಿ ಸಂಕಟ ನಿನಗೇನು ಗೊತ್ತೋ? ಆ ಬರದಾಂವಗರೆ ಏನು ಗೊತ್ತು? ಇದನ್ನ ಬಚ್ಚಲ ಒಲಿಗೆ ಹಾಕ್ತೇನಿ, ತಾ ಇಲ್ಲೆ!" ಎಂದು ಪುಸ್ತಕಕ್ಕೆ ಕೈ ಹಾಕಿದಳು. ಅಪ್ಪ ಕಸಿದುಕೊಂಡರು. ರೊಟ್ಟಿಯ ಸದ್ದೂ ನಿಂತಿತು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಪುಸ್ತಕ ನನಗೆಂದು ತಂದಿದ್ದರು, ನನ್ನನ್ನು ಕೇಳುವವರೇ ಇರಲಿಲ್ಲ.

ಕೊನೆಗೆ ಅಪ್ಪ ದಪ್ಪ ಪುಸ್ತಕವನ್ನು ಚೀಲಕ್ಕೆ ತುರುಕಿ, "ಸಣ್ಣದ ಇಟ್ಕೊಳ್ರಿ. ಇದನ್ನ ಹೊಳ್ಳಿ ಕೊಡ್ತೇನಿ. ಸಾಕಾತು ನಿಮ್ಮ ರಗಳಿ" ಎಂದರು. ಗೆದ್ದೆ ಎಂದು ಆಯಿ ಸುಮ್ಮನಾಗಬಹುದಿತ್ತು. ಆಗಲಿಲ್ಲ.

"ಅದರಾಗರೆ ಏನೈತಿ, ಓದು" ಎಂದಳು.

ಅಕ್ಕ ತೆಳ್ಳಗಿನ ಪುಸ್ತಕ ಓದಿದಳು. ಚೆಂದದ ಪುಸ್ತಕ ಅದು. ಮೆರವಣಿಗೆ, ಬಾವುಟ, ಚರಕ, ದೊಡ್ಡವರ ಭಾಷಣ. ಆಯಿ ಮೊಣಕಾಲ ಮೇಲೆ ಗದ್ದ ಊರಿ ಕೇಳಿದಳು.

"ಮುಂದ?"

"ಮುಗೀತು ಆಯಿ."

"ಪ್ಲೇಗು?"

"ಇಲ್ಲ."

"ಹೊಲದಾಗಿನ ಗುಡಸಲಾ?"

"ಅದೂ ಇಲ್ಲ."

ಆಯಿಯ ಮುಖ ಮೊದಲಿಗಿಂತ ಕೆಂಪಾಯಿತು. "ಅಂದ್ರ ನಮ್ಮವ್ವ ಸತ್ತೇ ಇಲ್ಲೇನು?"

ಅವಳು ಎದ್ದು ಹೋಗಿ, ಚೀಲದಿಂದ ದಪ್ಪ ಪುಸ್ತಕ ಎಳೆದು ನನ್ನ ತೊಡೆಯ ಮೇಲೆ ಧಪ್ಪೆಂದು ಇಟ್ಟಳು. "ಇದನ್ನ ಇಡ್ರಿ. ಬೈದಾರ, ಬೈಲಿ. ಬೈಯಾಕರೆ ಆಕೀನ್ನ ನೆನಸ್ಯಾರ."

ಮರುದಿನ ಅಪ್ಪ ತೆಳ್ಳಗಿನದನ್ನು ಅಂಗಡಿಗೆ ಮರಳಿಸಿದರು. ತಾಯಿ ಮಗನ ಮುನಿಸು ಬಹಳ ದಿನ ಇಳಿಯಲಿಲ್ಲ. ಅಕ್ಕ ಆ ಪುಟ ಕಲಿಸುವಾಗಲೆಲ್ಲ ಆಯಿ ಪಕ್ಕದಲ್ಲಿ ಬಂದು ಕೂತು, ಪುಸ್ತಕಕ್ಕೇ ಎದುರುತ್ತರ ಕೊಡುತ್ತಿದ್ದಳು. "ಅಜ್ಞಾನಿ ಅಂತ, ಅಜ್ಞಾನಿ! ನಿಮ್ಮಪ್ಪ ಅಜ್ಞಾನಿ!" ನಾನು ಒಂದು ಕಿವಿಯಲ್ಲಿ ಪುಸ್ತಕವನ್ನೂ ಇನ್ನೊಂದರಲ್ಲಿ ಆಯಿಯ ಬೈಗುಳವನ್ನೂ ಕೇಳಿ ಇತಿಹಾಸ ಕಲಿತೆ. ಎರಡೂ ಖರೇ ಎಂದು ನನಗೆ ಆಗಲೇ ಅನಿಸಿತ್ತು.

ಈಗ ನಿಮ್ಮ ಕಾಲ. ಬೇಕೆಂದ ಪುಸ್ತಕ ಸಪ್ತಾಪುರದ ಈ ಮನೆಯ ಬಾಗಿಲಿಗೇ ಬರುತ್ತದೆ. ಹಾಳೆ ನುಣುಪು, ಪುಟಕ್ಕೊಂದು ಚಿತ್ರ. ನಿಮ್ಮ ಅಮ್ಮ ತರಿಸಿದ ಅಷ್ಟನ್ನೂ ಓದಿದೆ. ಹೆಚ್ಚಿನವುಗಳಲ್ಲಿ ಯಾರಿಗೂ ಒಂದು ನೆಗಡಿ ಕೂಡ ಬಂದಿಲ್ಲ. ಒಂದರಲ್ಲಿ ಮಾತ್ರ ಪ್ಲೇಗು ಇದೆ, ಅರ್ಧ ಪುಟ. ಅದರಲ್ಲೂ ಜನರನ್ನು ಮೂಢರೆಂದು ಬೈದಿದ್ದಾರೆ. ಓದಿ ಮೈಯೆಲ್ಲ ಉರಿಯಿತು. ಅದನ್ನೇ ಇಟ್ಟುಕೊಳ್ಳಿ ಎಂದು ನಿಮ್ಮ ಅಮ್ಮನಿಗೆ ಹೇಳಿದ್ದೇನೆ.

ಕೊರೊನಾ ಬಂದು ಊರಿಗೇ ಬೀಗ ಬಿದ್ದ ದಿನಗಳು ನಿಮಗೆ ಅಷ್ಟಿಷ್ಟು ನೆನಪಿರಬಹುದು. ಜ್ವರದಿಂದ ಮಲಗಿದ್ದ ಎದುರು ಮನೆಯವರಿಗೆ ನಿಮ್ಮ ಅಜ್ಜಿ ಗಂಜಿ ಒಯ್ದು ಕೊಟ್ಟಳು. ಹೋಗಬೇಡ ಎಂದು ನಾನು ಗದರಿದರೂ ಹೋದಳು. ಅವಳಿಗೂ ಜ್ವರ ಬಂತು, ಅವಳು ಮತ್ತೆ ಏಳಲಿಲ್ಲ. ಮುಂದೆ ನಿಮ್ಮ ಮಕ್ಕಳಿಗೆಂದು ಆ ದಿನಗಳ ಇತಿಹಾಸವನ್ನೂ ಯಾರೋ ಬರೆಯುತ್ತಾರೆ. ಅದರಲ್ಲಿ ನಿಮ್ಮ ಅಜ್ಜಿಯಂಥವರನ್ನು ಅಜ್ಞಾನಿಗಳೆಂದು ಬೈದಿರಬಹುದು. ಸಿಟ್ಟು ಮಾಡಿಕೊಳ್ಳಿ, ಪುಸ್ತಕದ ಜೊತೆ ಜಗಳಾಡಿ, ಬರೆದವನ ಅಪ್ಪನನ್ನೂ ಬೈಯಿರಿ. ಆದರೆ ಆ ಪುಸ್ತಕವನ್ನು ಅಂಗಡಿಗೆ ಮರಳಿಸಬೇಡಿ.