ತಾತನ ಮಂಚ ಏರಿದ ಕೋಳಿ

ಇವತ್ತು ಬಿಸಿ ಎಣ್ಣೆಗೆ ಅರಿಶಿನ ಹಾಕಿದಾಗ ಎದ್ದ ವಾಸನೆಗೆ ಕೆಂಪಾಪುರದ ನಮ್ಮ ಹಳೇ ಮನೆಯ ಹಿತ್ತಲು ನೆನಪಾಯಿತು.

ಒಂದು ಬೆಳಿಗ್ಗೆ ಮುಂಗುಸಿಯೊಂದು ಅಜ್ಜಿಯ ಕೆಂಪು ಹ್ಯಾಟೆ ಕೋಳಿಯ ಬೆನ್ನನ್ನು ಕಚ್ಚಿ ಹರಿದಿತ್ತು. ತಾತ ಬಗ್ಗಿ ನೋಡಿ, "ಇದು ಉಳಿಯಲ್ಲ ಕಣೇ, ಮಧ್ಯಾಹ್ನಕ್ಕೆ ಸಾರು ಮಾಡ್ಬಿಡು" ಎಂದರು.

"ಮೊನ್ನೆ ನಿಮ್ ಕಾಲು ಉಳುಕ್ದಾಗ ಯಾರಾದ್ರೂ ಇಂಗೆ ಸಾರಿನ ಮಾತಾಡಿದ್ರಾ?" ಎಂದು ಅಜ್ಜಿ ರೇಗಿದರು.

ಗಾಯವನ್ನು ಉಪ್ಪುನೀರಿನಲ್ಲಿ ತೊಳೆದು ಅರಿಶಿನ ಮೆತ್ತಿ, ಬೇರೆ ಕೋಳಿಗಳು ಕುಕ್ಕದಿರಲೆಂದು ಅದನ್ನು ಬುಟ್ಟಿಯಲ್ಲಿ ಕೂರಿಸಿ ತಾತನ ಮಂಚದ ಕೆಳಗಿಟ್ಟರು. ಕೋಳಿ ಏನನ್ನೂ ಮುಟ್ಟದೆ ಕಣ್ಣು ಮುಚ್ಚಿಕೊಂಡಿತ್ತು. ನಾನು ಅಳುತ್ತಿದ್ದೆ, ತಾತ ಗೊಣಗುತ್ತಿದ್ದರು. ಆದರೆ ಅಜ್ಜಿ ಹಾಲು ಕರೆಯಲು ಹೋದ ಕೂಡಲೇ ಅವರು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮುದ್ದೆಯ ಚೂರು ಹಿಡಿದು, "ತಿನ್ನವ್ವ, ಒಂದೇ ತುತ್ತು" ಎಂದು ಬೇಡಿಕೊಂಡರು. ಅದು ಅವರ ಕೈಯಿಂದಲೇ ತಿಂದಿತು.

ಗಾಯ ಮಾಯ್ದ ಮೇಲೂ ಕೋಳಿ ಹಿತ್ತಲಿಗೆ ಹೋಗದೆ ಮಂಚವನ್ನೇ ಏರಿತು. ಹಬ್ಬದ ಮಾರನೆಯ ದಿನ ಬಾಡೂಟಕ್ಕೆಂದು ಬಂದ ಸೋದರಮಾವ ಅದನ್ನು ನೋಡಿ, "ಒಳ್ಳೇ ದಪ್ಪಗಿದೆ, ಕುಯ್ಯೋಣ್ವಾ?" ಎಂದ.

ತಾತ ಕೋಳಿಯನ್ನು ಮಡಿಲಿಗೆಳೆದುಕೊಂಡು ಗದರಿದರು: "ಮನೇಲಿ ಹುಷಾರಿಲ್ದೋರು ಇದ್ದಾರೆ, ಮೆಲ್ಲಗೆ ಮಾತಾಡಪ್ಪ!"

ಅಂದು ನಾವೆಲ್ಲ ಅವರೆಕಾಳಿನ ಹುಳಿ ಉಂಡೆವು. ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ.